ಹಳದಿ ಪೀಪಾಯಿಯ ಕೊನೆಯ ವರದಿ

ಅರಬ್ಬೀ ಸಮುದ್ರದ ನಡುವೆ, ಕಡಲ ತಳಕ್ಕೆ ಸರಪಳಿ ಬಿಗಿದುಕೊಂಡು, ಹವಾಮಾನ ಅಳೆಯುವ ಹಳದಿ ಪೀಪಾಯಿಯೊಂದು ತೇಲುತ್ತಿತ್ತು. ಗಾಳಿಯ ವೇಗ, ಅಲೆಯ ಎತ್ತರ, ನೀರಿನ ಬಿಸಿ ಎಲ್ಲವನ್ನೂ ಗಂಟೆಗೊಮ್ಮೆ ಬಂದರಿಗೆ ತಿಳಿಸುವುದು ಅದರ ಕೆಲಸ. ಒಂದು ದಿನ, ಬೆಚ್ಚಗಿನ ನೀರು ಕುಡಿದು ಕೊಬ್ಬಿದ ಚಂಡಮಾರುತ ಅದರೆದುರು ಬಂದು ನಿಂತಿತು.

"ನಾನು ದಡ ಮುಟ್ಟುವವರೆಗೆ ಕಡಲು ಶಾಂತವಾಗಿದೆ ಎಂದೇ ಹೇಳುತ್ತಿರು," ಎಂದು ಅಪ್ಪಣೆ ಮಾಡಿತು.

"ಶಾಂತವಾಗಿ ಬೀಸು, ಹಾಗೆಯೇ ಹೇಳುತ್ತೇನೆ," ಎಂದಿತು ಪೀಪಾಯಿ.

"ಸರಪಳಿಗೆ ಕಟ್ಟುಬಿದ್ದ ಡಬ್ಬಿ ನೀನು! ನನಗೇ ಎದುರಾಡುತ್ತೀಯಾ?"

"ಕಾವಲಿಗೆಂದೇ ನನ್ನನ್ನಿಲ್ಲಿ ಕಟ್ಟಿದ್ದಾರೆ. ನೀನು ಬಂದೆಯೆಂದು ನನ್ನ ಮಾತು ಬದಲಾಗುವುದಿಲ್ಲ."

ಚಂಡಮಾರುತಕ್ಕೆ ಸಿಟ್ಟು ನೆತ್ತಿಗೇರಿತು. ಒಂದೇ ಏಟಿಗೆ ಆಂಟೆನಾ ಮುರಿದು, ಸರಪಳಿ ಹರಿದು, ಪೀಪಾಯಿಯನ್ನು ಎತ್ತಿ ಎಸೆಯಿತು. ಇನ್ನು ಸುದ್ದಿ ಮುಟ್ಟಿಸುವವರೇ ಇಲ್ಲ ಎಂದು ಗಹಗಹಿಸಿ ದಡದತ್ತ ಹೊರಟಿತು.

ಬಂದರಿನಲ್ಲಿ ಎಚ್ಚರಿಕೆಯ ಕಂಬ ಕಾಯುವ ಜಟ್ಟಿ ಹರಿಕಂತ್ರ ಗಂಟೆ ಕಳೆದರೂ ವರದಿ ಬಾರದ್ದನ್ನು ಗಮನಿಸಿದ. "ನಮ್ಮ ಪೀಪಾಯಿ ತಾನಾಗಿ ಬಾಯಿ ಮುಚ್ಚುವಂಥದ್ದಲ್ಲ, ಯಾರೋ ಮುಚ್ಚಿಸಿದ್ದಾರೆ. ಎಳೀರೋ ದೋಣಿ ಮೇಲಕ್ಕೆ!" ಎಂದು ಕೂಗಿ, ಕಂಬಕ್ಕೆ ಅಪಾಯದ ಗುರುತನ್ನು ಏರಿಸಿದ.

ಚಂಡಮಾರುತ ಬಂದಾಗ ನೀರಿನಲ್ಲಿ ಒಂದು ದೋಣಿಯೂ ಇರಲಿಲ್ಲ. "ಇವರಿಗೆ ಹೇಳಿದವರು ಯಾರು?" ಎಂದು ಅದು ಅಬ್ಬರಿಸಿತು.

ಅಲೆಗಳು ತಂದು ಮರಳಿಗೆ ಬಿಸಾಡಿದ್ದ ಪೀಪಾಯಿ, ಜಜ್ಜಿಹೋದ ಮೈಯಲ್ಲೇ ಉತ್ತರಿಸಿತು: "ನೀನೇ. ನನ್ನ ಬಾಯಿ ಮುಚ್ಚಿಸಿದೆಯಲ್ಲ, ಅಷ್ಟು ಜೋರಾಗಿ ಕೂಗಲು ನನಗೆ ಯಾವತ್ತೂ ಆಗಿರಲಿಲ್ಲ."