ಫೋನಿನಲ್ಲಿ ಬಂದ ಮೊಸಳೆ

ಹೊಳೆಯ ದಡದ ಆಶ್ರಮವೊಂದರಲ್ಲಿ ಮುಪ್ಪಯ್ಯಜ್ಜ ಎಂಬ ಗುರುಗಳಿದ್ದರು. ಶಂಭುಲಿಂಗ ಅವರ ಶಿಷ್ಯ. ಮೊದಲು ಶಾಲೆಯಲ್ಲಿ ಮಾಸ್ತರನಾಗಿದ್ದವನು. ಕೆಲಸ ಬಿಟ್ಟು ಬಂದಿದ್ದ, ಫೋನು ಬಿಟ್ಟು ಬಂದಿರಲಿಲ್ಲ.

ಒಂದು ಸಂಜೆ ಆ ಫೋನಿಗೆ ಒಂದು ವಿಡಿಯೊ ಬಂತು. ಸ್ನಾನದ ಮೆಟ್ಟಿಲ ಮೇಲೆ ದೊಡ್ಡ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. 'ನಮ್ಮ ಹೊಳೆಗೂ ಮೊಸಳೆ ಬಂದಿದೆ, ಆಶ್ರಮದ ಮೆಟ್ಟಿಲ ಮೇಲೇ ಇದೆ, ಎಲ್ಲರಿಗೂ ತಿಳಿಸಿ' ಎಂದು ಕೆಳಗೆ ಬರೆದಿತ್ತು.

ಶಂಭುಲಿಂಗ ಇನ್ನೊಮ್ಮೆ ನೋಡಲೂ ಇಲ್ಲ. ತನಗೆ ಗೊತ್ತಿದ್ದವರಿಗೆಲ್ಲ ಅದನ್ನು ಕಳಿಸಿದ. ಅವರು ಮತ್ತೆ ತಮಗೆ ಗೊತ್ತಿದ್ದವರಿಗೆ ಕಳಿಸಿದರು.

ಮರುದಿನ ಬೆಳಗಿನ ಪಾಠಕ್ಕೆ ಆಚೆ ದಡದ ಮಕ್ಕಳು ಬರಲಿಲ್ಲ. ಅಂಬಿಗ ದುರಗಪ್ಪನ ದೋಣಿ ಕಟ್ಟಿದಲ್ಲೇ ನಿಂತಿತ್ತು. ಬಟ್ಟೆ ಒಗೆಯುವ ಕಲ್ಲುಗಳು ಒಣಗಿ ಬೆಳ್ಳಗಾಗಿದ್ದವು.

ಮಕ್ಕಳೆಲ್ಲಿ ಎಂದು ಅಜ್ಜ ಕೇಳಿದರು. ಶಂಭುಲಿಂಗ ಹೆಮ್ಮೆಯಿಂದಲೇ ಎಲ್ಲವನ್ನೂ ಹೇಳಿದ. ತಾನು ಹೊತ್ತಿಗೆ ಸರಿಯಾಗಿ ತಿಳಿಸದಿದ್ದರೆ ಏನೇನು ಆಗಬಹುದಿತ್ತು ಎಂಬುದನ್ನೂ ಹೇಳಿದ.

ಅಜ್ಜ ಹೆಗಲಿಗೆ ಟವೆಲು ಹಾಕಿಕೊಂಡು ನೇರ ಹೊಳೆಗೆ ನಡೆದರು.

ಇಳಿಯಬೇಡಿ ಎಂದು ಶಂಭುಲಿಂಗ ಮೆಟ್ಟಿಲ ಮೇಲೆ ನಿಂತು ಬೇಡಿಕೊಂಡ. ಅಜ್ಜ ಎದೆಮಟ್ಟದ ನೀರಿನಲ್ಲಿ ನಿಂತು ತಿರುಗಿದರು.

"ಮೊಸಳಿ ನೀ ನೋಡಿದೇನು?"

"ಫೋನಿನ್ಯಾಗ ನೋಡೇನ್ರಿ ಅಜ್ಜಾರ."

ಬಂದು ಬೆನ್ನು ಉಜ್ಜು ಎಂದರು ಅಜ್ಜ. ಗುರುವಿನ ಮಾತು ಮೀರುವಂತಿಲ್ಲ. ಶಂಭುಲಿಂಗ ಕಣ್ಣು ಮುಚ್ಚಿಕೊಂಡು ನೀರಿಗಿಳಿದ. ಒಂದು ಮೀನು ಅವನ ಕಾಲಿಗೆ ತಾಗಿತು. ಅವನು ಹಾಕಿದ ಕೂಗಿಗೆ ಆಶ್ರಮದ ಪಾರಿವಾಳಗಳೆಲ್ಲ ಹಾರಿಹೋದವು. ಅಜ್ಜ ನೀರಿನಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೈ ಒರೆಸಿಕೊಂಡ ಮೇಲೆ ಆ ವಿಡಿಯೊ ತೋರಿಸು ಎಂದರು. ಬಹಳ ಹೊತ್ತು ನೋಡಿದರು.

"ನಮ್ಮ ಮೆಟ್ಟಿಲಿಗೆ ಈ ಕಬ್ಬಿಣದ ಕಂಬಿ ಯಾವಾಗ ಬಂದಾವು?"

ಶಂಭುಲಿಂಗ ಫೋನು ನೋಡಿದ, ಮೆಟ್ಟಿಲು ನೋಡಿದ. ಆಶ್ರಮದ ಮೆಟ್ಟಿಲುಗಳು ಹಳೆಯ ಕಲ್ಲಿನವು, ಕಂಬಿ ಇಲ್ಲ. ದಿನವೂ ಇಳಿದು ಹತ್ತುವ ಮೆಟ್ಟಿಲು.

ಈಗಲೇ ಎಲ್ಲರಿಗೂ ಸುಳ್ಳೆಂದು ಕಳಿಸುತ್ತೇನೆ ಎಂದ. ಅಜ್ಜ ಫೋನನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಊರಿಗೆ ಹೋಗಿ ಮನೆಮನೆಗೂ ಬಾಯಲ್ಲೇ ಹೇಳಿ ಬಾ ಎಂದರು. ಹೇಳಿದ ಮೇಲೆ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳಬೇಕು: ನೀವು ಇದನ್ನು ಬೇರೆಯವರಿಗೆ ಯಾಕೆ ಕಳಿಸಿದಿರಿ?

ಅಜ್ಜ ಮಿಂದು ಎದ್ದುದನ್ನು ಕಣ್ಣಾರೆ ಕಂಡಿದ್ದ ದುರಗಪ್ಪ ದೋಣಿ ಬಿಚ್ಚಿ ಅವನನ್ನು ಆಚೆ ದಡಕ್ಕೆ ದಾಟಿಸಿದ.

ಚಹಾದಂಗಡಿಯ ದಸ್ತಗೀರ ಸುದ್ದಿಯನ್ನು ತನ್ನ ನೆಂಟರಿಗೆಲ್ಲ ಕಳಿಸಿದ್ದ. ನಿಜವಾಗಿದ್ದು ತಾನು ಸುಮ್ಮನಿದ್ದಿದ್ದರೆ ಗತಿಯೇನು ಎಂದ. ಚಹಾ ಕುಡಿಸಿ ಆದ ಮೇಲೆ ಇನ್ನೊಂದು ಮಾತನ್ನೂ ನಗುತ್ತಲೇ ಒಪ್ಪಿಕೊಂಡ. ಬೆಳಗಿನಿಂದ ಊರಿನವರು ಬಂದು ಬೆಂಚಿನ ಮೇಲೆ ಕೂತು ಮೊಸಳೆಯ ಬಗ್ಗೆ ಅವನನ್ನೇ ಕೇಳುತ್ತಿದ್ದರು. ಇಷ್ಟು ವರ್ಷ ಅಲ್ಲಿ ಯಾರೂ ಅವನನ್ನು ಸಕ್ಕರೆ ಎಷ್ಟು ಹಾಕಿದೆ ಎಂಬುದರ ಹೊರತು ಏನನ್ನೂ ಕೇಳಿರಲಿಲ್ಲ.

ಇನ್ನೊಂದು ಮನೆಯವರು, ಎಲ್ಲರೂ ಕಳಿಸಿದರು, ನಾವು ಕಳಿಸದಿದ್ದರೆ ನಮಗೆ ಗೊತ್ತೇ ಇಲ್ಲ ಅಂದುಕೊಳ್ಳುತ್ತಿದ್ದರು ಎಂದರು. ಮೊಸಳೆ ಇಲ್ಲ ಎಂದು ಕೇಳಿ ಮಕ್ಕಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ಹೊರಟರು. ಕೆಲವರಿಗೆ ಸ್ವಲ್ಪ ಬೇಸರವಾದಂತೆಯೂ ಇತ್ತು.

ಊರಿನ ಕೊನೆಯ ಮನೆ ಫಕೀರವ್ವನದು. ಒಂಟಿ ಮುದುಕಿ. ಅವಳು ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ಒಳಗೆ ಹೋಳಿಗೆಯ ಹೂರಣ ಬೇಯುವ ವಾಸನೆ.

ಮೊಸಳೆಯ ಸುದ್ದಿ ಸುಳ್ಳು ಎಂದು ಶಂಭುಲಿಂಗ ಹೇಳುತ್ತಿದ್ದಂತೆ ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ರಂಗೋಲಿ ಹಿಟ್ಟು ಅವನ ಮೀಸೆಗೆ ಹತ್ತಿತು.

"ಮೆತ್ತಗ ಮಾತಾಡೋ ಯಪ್ಪಾ. ಇವತ್ತೊಂದು ದಿನ ಮೊಸಳಿ ಹೊಳಿಯಾಗ ಇರಲಿ."

ಅವಳಿಗೆ ಕಾಶವ್ವ ಎಂಬ ತಂಗಿ ಇದ್ದಳು. ಯಾವುದೋ ಮದುವೆಯಲ್ಲಿ ಸೀರೆ ಉಡಿಸುವ ವಿಷಯಕ್ಕೆ ಇಬ್ಬರಿಗೂ ಮುನಿಸಾಗಿ, ಮಾತು ನಿಂತು ವರ್ಷಗಳೇ ಕಳೆದಿದ್ದವು. ಮೊದಲು ತಾನೇ ಮಾತಾಡಿಸಲು ಇಬ್ಬರಿಗೂ ಮನಸ್ಸು ಬಗ್ಗಿರಲಿಲ್ಲ. ನಿನ್ನೆ ಪಕ್ಕದ ಮನೆಯ ಹುಡುಗಿ ಈ ವಿಡಿಯೊ ತೋರಿಸಿದಾಗ ಫಕೀರವ್ವ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು ತಂಗಿಗೆ ಕಳಿಸಿಬಿಟ್ಟಿದ್ದಳು. ಇದು ಮಾತಾಡಿಸಿದಂತೆ ಅಲ್ಲವಲ್ಲ, ಬರೀ ಎಚ್ಚರಿಕೆ. ಬರುತ್ತಿದ್ದೇನೆ ಎಂದು ಕಾಶವ್ವ ಬೆಳಿಗ್ಗೆಯೇ ಫೋನು ಮಾಡಿದ್ದಳು. ಸುಳ್ಳು ಅಂತ ಗೊತ್ತಾದರೆ ಬಸ್ಸಿನಿಂದ ಇಳಿದು ಹಾಗೇ ತಿರುಗಿ ಹೋದಾಳು ಎಂಬ ಭಯ ಫಕೀರವ್ವನಿಗೆ.

ಶಂಭುಲಿಂಗ ಮೀಸೆಯ ಹಿಟ್ಟು ಒರೆಸಿಕೊಂಡ. ಅಷ್ಟರಲ್ಲಿ ಕೈಚೀಲ ಹಿಡಿದ ಕಾಶವ್ವ ಓಣಿಯ ತಿರುವಿನಲ್ಲಿ ಕಂಡಳು. ಬಂದವಳೇ ಇವನ್ಯಾರು ಎಂದು ಅಕ್ಕನನ್ನು ಕೇಳಿದಳು. ಆಶ್ರಮದವನು ಎಂದಷ್ಟೇ ಹೇಳಿ ಫಕೀರವ್ವ ಅವನನ್ನು ದುರುಗುಟ್ಟಿ ನೋಡಿದಳು.

ಗುರು ಹೇಳಿದ ಕೆಲಸ ಅರ್ಧಕ್ಕೆ ಬಿಡುವಂತಿಲ್ಲ. ಶಂಭುಲಿಂಗ ನೆಲ ನೋಡುತ್ತ ಹೇಳಿಬಿಟ್ಟ. ಮೊಸಳೆ ಇಲ್ಲ, ತಪ್ಪು ತನ್ನದು, ಈ ಊರಿಗೆ ಮೊದಲು ಕಳಿಸಿದವನು ತಾನೇ.

ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಗೊತ್ತೈತಿ ಬಿಡು," ಎಂದಳು ಕಾಶವ್ವ. "ನಾವು ಆಡಿ ಬೆಳೆದ ಮೆಟ್ಟಿಲು ನನಗ ಗೊತ್ತಾಗಂಗಿಲ್ಲೇನು?"

ಫಕೀರವ್ವ ಸೆರಗು ಸರಿಸಿದಳು. "ಮತ್ತ ಯಾಕ ಬಂದಿ?"

"ಫೋನಿನ್ಯಾಗ ನಿನ್ನ ಹೆಸರು ಬಂತಲ್ಲ."

ಅಕ್ಕ ತಂಗಿ ಇಬ್ಬರೂ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಹೂರಣ ತಳ ಹಿಡಿಯುವ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಶಂಭುಲಿಂಗನೇ ಒಳಗೆ ಹೋಗಿ ಪಾತ್ರೆ ಇಳಿಸಿದ. ಅವನಿಗೂ ಹೋಳಿಗೆ ಸಿಕ್ಕಿತು.

ದುರಗಪ್ಪನ ದೋಣಿ ಮಕ್ಕಳಿಂದ ತುಂಬಿ ವಾಪಸು ಬಂತು. ಅಜ್ಜ ಮೆಟ್ಟಿಲ ಮೇಲೆ ಕಾದಿದ್ದರು. ಮಕ್ಕಳನ್ನು ಒಳಗೆ ಕಳಿಸಿ ಶಿಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಶಂಭುಲಿಂಗ ಎಲ್ಲರ ಮಾತನ್ನೂ ಕೇಳಿದ ಹಾಗೆಯೇ ಒಪ್ಪಿಸಿದ. ದಸ್ತಗೀರನ ಬೆಂಚಿನ ಸುದ್ದಿಗೆ ಅಜ್ಜ ನಕ್ಕರು. ಫಕೀರವ್ವನ ಸುದ್ದಿ ಮುಗಿದ ಮೇಲೆ ಅವನ ಕಡೆ ತಿರುಗಿದರು.

"ಅವರದೆಲ್ಲ ಹೇಳಿದಿ. ನೀ ಯಾಕ ಕಳಿಸಿದಿ?"

"ಜನ ಉಳೀಲಿ ಅಂತ್ರಿ."

"ಕಳಿಸಿದ ಮ್ಯಾಲ ಏನು ಮಾಡಿದಿ?"

ಶಂಭುಲಿಂಗ ತಲೆ ತಗ್ಗಿಸಿದ.

"ಯಾರ‍್ಯಾರು ನೋಡಿದರು ಅಂತ ನೋಡಿಕೋತ ಕುಂತಿದ್ದೆ."

"ಎಲ್ಲಾರೂ ನೋಡಿದರೇನು?"

"ನೋಡಿದರ‍್ರಿ." ಕೊನೆಗೆ ಸೇರಿಸಿದ: "ಪರಸಪ್ಪನೂ ನೋಡಿದ."

ಪರಸಪ್ಪ ಯಾರೆಂದು ಅಜ್ಜ ಕೇಳಿದರು. ಅವನು ಶಂಭುಲಿಂಗ ಮೊದಲಿದ್ದ ಶಾಲೆಯ ಮಾಸ್ತರ. ಇಬ್ಬರೂ ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಕೆಲಸ ಬಿಟ್ಟು ಆಶ್ರಮ ಸೇರುವ ಸುದ್ದಿಯನ್ನು ಶಂಭುಲಿಂಗ ಅವನಿಗೆ ಮೊದಲೇ ಹೇಳಿರಲಿಲ್ಲ. ಅಂದಿನಿಂದ ಪರಸಪ್ಪ ಮಾತು ಬಿಟ್ಟಿದ್ದ. ದಿನಕ್ಕೊಂದು ವಿಡಿಯೊ ಇವನು ಕಳಿಸುತ್ತಲೇ ಇದ್ದ, ಅವನು ನೋಡುತ್ತಲೇ ಇದ್ದ.

"ಮೊಸಳಿ ನೋಡಿ ಏನಂದ?"

"ಏನೂ ಅನ್ನಲಿಲ್ರಿ."

ಅಜ್ಜ ಚೀಲದಿಂದ ಫೋನು ತೆಗೆದು ಅವನ ಕೈಗೆ ಕೊಟ್ಟರು. ಶಂಭುಲಿಂಗ ಪರಸಪ್ಪನ ಹೆಸರು ತೆರೆದ. ಬರೆಯಲು ಹೋದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ.

"ಏನಂತ ಬರೀಲಿ ಅಜ್ಜಾರ?"

"ಊಟ ಆತೇನು ಅಂತ ಬರಿ. ಮೊಸಳಿಗೆ ಯಾರೂ ಉತ್ತರ ಬರಿಯಂಗಿಲ್ಲ."