ಎರಡು ಪೆಟ್ಟಿನ ನಡುವೆ

ಹಾಲೇಶನ ಕೈ ಓಡುತ್ತಿತ್ತು.

ಒಬ್ಬನೇ ಕುಳಿತು ಮೃದಂಗ ಬಾರಿಸುವಾಗ ತಾಳ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಎದುರಿಗೆ ನಾಲ್ಕು ಜನ ಬಂದು ಕುಳಿತರೆ ಸಾಕು, ನಡೆಯುತ್ತಿದ್ದ ಹಾಡು ಓಡತೊಡಗುತ್ತಿತ್ತು. ಹಾಡುವವರು ಉಸಿರು ಸಾಲದೆ ಅವನ ಕಡೆ ತಿರುಗಿ ನೋಡುತ್ತಿದ್ದರು.

ಯಾಕೆ ನೋಡುತ್ತಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮೊದಲಿದ್ದ ನಡೆಯಲ್ಲೇ ಇದ್ದೇನೆ ಎಂದೇ ಅವನಿಗೆ ಅನಿಸುತ್ತಿತ್ತು.

ಅವನ ನಿದ್ದೆ ಕೆಡಿಸಿದ್ದು ಅದೇ. ತಪ್ಪುವಾಗ ತಪ್ಪುತ್ತಿದ್ದೇನೆಂದು ಗೊತ್ತಾದರೆ ತಿದ್ದಿಕೊಳ್ಳಬಹುದು. ಸರಿಯಾಗಿದ್ದೇನೆ ಎನಿಸುತ್ತಲೇ ತಪ್ಪಿದರೆ ಏನು ಮಾಡುವುದು?

ಹೊಳೆಯ ದಂಡೆಯ ಆ ಆಶ್ರಮದಲ್ಲಿ ತಾಳ ಕಲಿಸುತ್ತಿದ್ದವರು ಅಡವಯ್ಯ ಗುರುಗಳು. ಹಿಂದಿನ ಚಳಿಗಾಲದಲ್ಲಿ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಅಂದಿನಿಂದ ಬಾಯಲ್ಲೇ ಹೇಳಿ ಕಲಿಸುತ್ತಿದ್ದರು.

ಒಂದು ಸಂಜೆ ಹಾಲೇಶ ಅವರ ಬಳಿ ಹೋಗಿ ಕುಳಿತ.

"ಗುರುಗಳೇ, ನನ್ನ ಕೈ ಓಡುತ್ತದೆ."

"ನೋಡಿದ್ದೇನೆ."

"ಓಡುತ್ತಿರುವುದು ನನಗೇ ಗೊತ್ತಾಗುವುದಿಲ್ಲ. ನನ್ನೊಳಗಿನ ಅಳತೆಯೇ ಸುಳ್ಳು ಹೇಳಿದರೆ ನಾನು ಯಾರನ್ನು ಕೇಳಲಿ?"

ಗುರುಗಳು ಅಡುಗೆಮನೆಯ ಕಡೆ ನೋಡಿದರು.

"ನಾಳೆಯಿಂದ ಮೃದಂಗ ಮುಟ್ಟಬೇಡ," ಎಂದರು. "ಅಡುಗೆಮನೆಯಿಂದ ಒಂದು ಹಿಡಿ ಶೇಂಗಾ ಇಸಿದುಕೊಂಡು ಬಾ."

ಅಡುಗೆಮನೆಯ ಹಿಂದೆ ಹುಣಸೆಮರದಲ್ಲಿ ಒಂದು ಮುದಿ ಹೆಣ್ಣು ಕೋತಿ ಇತ್ತು. ಗುಂಪು ಬಿಟ್ಟು ಉಳಿದದ್ದು. ಗುರುಗಳು ಅದರ ಮುಂದೆ ಹಾಲೇಶನನ್ನು ಕೂರಿಸಿದರು.

"ಕಲ್ಲಿಗೆ ಕಲ್ಲು ಬಡಿ. ಬಡಿದಾಗಲೊಮ್ಮೆ ಒಂದು ಶೇಂಗಾ ಇಡು. ಬೇಗ ಬೇಡ, ತಡ ಬೇಡ. ಒಂದೇ ಸಮ."

ಮೊದಮೊದಲು ಕೋತಿ ಸದ್ದಿಗೆ ಬೆಚ್ಚುತ್ತಿತ್ತು. ಆಮೇಲೆ ಬೆಚ್ಚುವುದು ಬಿಟ್ಟಿತು. ಸದ್ದು ಕೇಳಿ, ಶೇಂಗಾ ನೋಡಿ, ಕೈ ಚಾಚುತ್ತಿತ್ತು. ಕೆಲವು ದಿನ ಕಳೆದ ಮೇಲೆ ನೋಡುವುದನ್ನೂ ಬಿಟ್ಟಿತು. ಎಲ್ಲೋ ನೋಡುತ್ತ ಕುಳಿತಿರುತ್ತಿತ್ತು, ಕಲ್ಲು ಬಡಿಯುವ ಹೊತ್ತಿಗೆ ಕೈ ಬಂದು ನಿಂತಿರುತ್ತಿತ್ತು.

"ಈಗ ಅದರ ಕೈ ಯಾವಾಗ ಬರುತ್ತದೆ?" ಗುರುಗಳು ಕೇಳಿದರು.

"ಸದ್ದಿನ ಜೊತೆಗೇ ಬರುತ್ತದೆ."

"ಸದ್ದು ಕೇಳಿದ ಮೇಲೆ ಹೊರಟ ಕೈ ಸದ್ದಿನ ಜೊತೆಗೆ ಬರಲು ಆಗುತ್ತದೆಯೇ?"

ಹಾಲೇಶ ಯೋಚಿಸಿದ. "ಇಲ್ಲ. ಮೊದಲೇ ಹೊರಟಿರಬೇಕು."

"ಹೊರಡು ಅಂತ ಅದಕ್ಕೆ ಹೇಳಿದವರು ಯಾರು?"

ಯಾರೂ ಹೇಳಿರಲಿಲ್ಲ. ಆ ಸಣ್ಣ ತಲೆಯೊಳಗೆ ಎಲ್ಲೋ ಒಂದು ಅಳತೆ ಇತ್ತು, ಅದು ತಪ್ಪುತ್ತಿರಲಿಲ್ಲ. ಹಾಲೇಶನಿಗೆ ಕೋತಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಒಂದು ಮಧ್ಯಾಹ್ನ ಊರ ಕಡೆಯ ನಾಯಿಗಳು ಹಿತ್ತಲಿಗೆ ನುಗ್ಗಿದವು. ಕೋತಿ ಮರ ಹತ್ತಲಿಲ್ಲ. ಶೇಂಗಾದ ಆಸೆಗೆ ಅಲ್ಲೇ ಉಳಿಯಿತು, ಆದರೆ ಮೈಯೆಲ್ಲ ಬಿಗಿಯಾಗಿತ್ತು. ಹಾಲೇಶ ಮೊದಲಿನಂತೆಯೇ ಕಲ್ಲು ಬಡಿಯುತ್ತಿದ್ದ. ಕೋತಿಯ ಕೈ ಸದ್ದಿಗೆ ಮುಂಚೆಯೇ ಚಿಮ್ಮಿ ಬಂದು ಬರಿಗಲ್ಲು ಕೆರೆಯಿತು. ಮತ್ತೆ ಬಂದಿತು, ಮತ್ತೆ ಬರಿಗಲ್ಲು. ಹಲ್ಲು ಕಿರಿದು ಅವನನ್ನೇ ದಿಟ್ಟಿಸಿತು, ಅವನೇ ಮೋಸ ಮಾಡಿದ ಹಾಗೆ.

ಆ ನೋಟದ ಗುರುತು ಹಾಲೇಶನಿಗೆ ಸಿಕ್ಕಿತು. ಹಾಡುವವರು ತನ್ನ ಕಡೆ ತಿರುಗಿದಾಗಲೆಲ್ಲ ತಾನೂ ಅವರನ್ನು ಹೀಗೇ ನೋಡಿದ್ದ.

ಕಲ್ಲು ಕೆಳಗಿಟ್ಟು ಕೇಳಿದ. "ಹೆದರಿದಾಗ ಹೊತ್ತು ಬೇಗ ಓಡುತ್ತದೆಯೇ ಗುರುಗಳೇ?"

"ಓಡುವುದಿಲ್ಲ. ಉದ್ದವಾಗುತ್ತದೆ. ಇಷ್ಟು ಹೊತ್ತಾಯಿತಲ್ಲ, ಇನ್ನೂ ಬರಲಿಲ್ಲವಲ್ಲ ಅನಿಸುತ್ತದೆ. ತಡೆಯಲಾರದೆ ಕೈ ಹಾಕಿಬಿಡುತ್ತದೆ."

"ಹಾಗಾದರೆ ನಾಯಿಗಳನ್ನು ಓಡಿಸಿದರೆ ಸರಿಹೋಗುತ್ತದೆ."

"ಊರಿನ ನಾಯಿಗಳನ್ನೆಲ್ಲ ಓಡಿಸಿಕೊಂಡು ಬಾ," ಎಂದು ಗುರುಗಳು ಎದ್ದು ಹೋದರು.

ಹಾಲೇಶನ ದಿಗಿಲು ಇನ್ನಷ್ಟು ಹೆಚ್ಚಿತು. ರೋಗ ತಿಳಿದಿತ್ತು, ಮದ್ದು ತಿಳಿದಿರಲಿಲ್ಲ.

ಮಳೆಗಾಲ ಬಂದಿತು. ಹಾಲೇಶನ ಅಕ್ಕ ನೀಲವ್ವ ಬರುತ್ತಾಳೆಂದು ಸುದ್ದಿಯೂ ಬಂದಿತು. ತಾಯಿ ಸತ್ತಾಗ ಹಾಲೇಶನಿಗೆ ಇನ್ನೂ ಮಾತು ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕ. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ಈಗ ಒಂದು ಹೆಣ್ಣುಮಗು ಹುಟ್ಟಿತ್ತು. ಅದನ್ನು ಗುರುಗಳ ಮಡಿಲಿಗೆ ಹಾಕಿ ಹೆಸರಿಡಿಸಬೇಕೆಂದು ಎತ್ತಿಕೊಂಡು ಹೊರಟಿದ್ದಳು.

ಹೊಳೆ ತುಂಬಿದರೆ ಅಲ್ಲಿ ಹುಟ್ಟು ಹಾಕಿ ದಾಟಲಾಗುವುದಿಲ್ಲ. ದೋಣಿಗೆ ದಪ್ಪ ಹಗ್ಗ ಕಟ್ಟಿ ಆಶ್ರಮದ ದಂಡೆಯಿಂದ ಜನ ಸಾಲಾಗಿ ನಿಂತು ಎಳೆಯಬೇಕು. ಎಳೆಯುವವರಿಗೆ ನಗಾರಿ ಬಾರಿಸುತ್ತಾರೆ. ಒಂದು ಪೆಟ್ಟಿಗೆ ಒಂದು ಎಳೆತ. ಎಲ್ಲರೂ ಒಟ್ಟಿಗೆ ಎಳೆದರೆ ಮಾತ್ರ ದೋಣಿಯ ಮೂತಿ ನೇರ ಇರುತ್ತದೆ. ಅರ್ಧ ಜನ ಮುಂಚೆ, ಅರ್ಧ ಜನ ಹಿಂದೆ ಎಳೆದರೆ ಹಗ್ಗ ಸಡಿಲಾಗಿ ದೋಣಿ ನೀರಿಗೆ ಪಕ್ಕೆ ಕೊಡುತ್ತದೆ.

ಹಿಂದಿನ ಮಳೆಗಾಲದವರೆಗೂ ನಗಾರಿ ಬಾರಿಸಿದ್ದು ಅಡವಯ್ಯನವರ ಬಲಗೈ.

ಹಾಲೇಶ ದಂಡೆಗೆ ಬರುವಷ್ಟರಲ್ಲಿ ದೋಣಿ ಆಚೆ ದಡ ಬಿಟ್ಟಾಗಿತ್ತು. ಅಂಬಿಗನ ಹಿಂದೆ ಅಕ್ಕನ ಕೆಂಪು ಸೀರೆ ಕಾಣುತ್ತಿತ್ತು. ಮೇಲೆಲ್ಲೋ ದೊಡ್ಡ ಮಳೆಯಾಗಿರಬೇಕು, ನೋಡನೋಡುತ್ತಲೇ ನೀರು ಏರುತ್ತಿತ್ತು.

ಹಗ್ಗದ ಮುಂದಾಳು ಭರಮಣ್ಣ ಗುರುಗಳನ್ನು ಕೇಳಿದ. "ನಗಾರಿಗೆ ಯಾರು?"

ಗುರುಗಳು ಹಾಲೇಶನನ್ನು ನೋಡಿದರು.

"ನಾನು ಬೇಡ ಗುರುಗಳೇ. ನನ್ನ ಕೈ ನಿಮಗೆ ಗೊತ್ತಲ್ಲ. ಭರಮಣ್ಣ ಬಾಯಲ್ಲೇ ಕೂಗಲಿ."

"ಈ ಹೊಳೆ ಸದ್ದಿನಲ್ಲಿ ನನ್ನ ಕೂಗು ಹಿಂದಿನವನಿಗೆ ಮುಟ್ಟುವುದಿಲ್ಲ ತಮ್ಮಾ," ಎಂದ ಭರಮಣ್ಣ. "ಬೇಗ ಬಾ."

ಬೇರೆ ಯಾರೂ ಇರಲಿಲ್ಲ. ಹಾಲೇಶ ಕೋಲು ಹಿಡಿದ.

ಶುರುವಿನಲ್ಲಿ ಸರಿಯಾಗಿಯೇ ನಡೆಯಿತು. ದೋಣಿ ನಡುಹೊಳೆಗೆ ಬಂದಿತು. ಆಗ ಒಂದು ಬುಡಮೇಲಾದ ಮರ ತೇಲಿಬಂದು ದೋಣಿಯ ಹಿಂದೆ ಹಾದುಹೋಯಿತು. ಮಗು ಕಿರುಚಿ ಅಳುವುದು ಕೇಳಿಸಿತು.

ಹಾಲೇಶ ಅದೇ ನಡೆಯಲ್ಲಿ ಬಾರಿಸುತ್ತಿದ್ದ. ಹಾಗೆಂದೇ ಅವನಿಗೆ ಅನಿಸುತ್ತಿತ್ತು.

ಸಾಲಿನಲ್ಲಿ ಒಬ್ಬನ ಕಾಲು ಜಾರಿತು. ಇನ್ನೊಬ್ಬ ಮಂಡಿಯೂರಿ ಬಿದ್ದ. ಹಗ್ಗ ಜೋತುಬಿದ್ದು ನೀರು ಮುಟ್ಟಿತು. ದೋಣಿ ಪಕ್ಕಕ್ಕೆ ಹೊರಳಿತು, ಅಂಚು ದಾಟಿ ನೀರು ಒಳಗೆ ಬಂದಿತು. ಕೆಂಪು ಸೀರೆ ಮಗುವಿನ ಮೇಲೆ ಬಾಗಿತು.

"ಓಡಬೇಡ," ಎಂದು ಭರಮಣ್ಣ ಕೂಗಿದ.

ಹಾಲೇಶನ ಕೈ ನಿಲ್ಲಲಿಲ್ಲ. ಗುರುಗಳು ಬಂದು ಎಡಗೈಯಲ್ಲಿ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಗ್ಗ ಬಿಗಿ ಹಿಡಿಯಿರಿ. ಎಳೆಯಬೇಡಿ," ಎಂದು ಭರಮಣ್ಣ ತನ್ನವರಿಗೆ ಹೇಳಿದ. ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು.

"ಹೊಳೆಗೆ ಬೆನ್ನು ಹಾಕು," ಎಂದರು ಗುರುಗಳು.

"ಅಕ್ಕ ಅಲ್ಲಿದ್ದಾಳೆ."

"ಅದಕ್ಕೇ."

ಹಾಲೇಶ ತಿರುಗಿ ನಿಂತ. ಗುರುಗಳು ನಗಾರಿಯನ್ನು ಕಾಲಿಂದ ಅವನ ಮುಂದಕ್ಕೆ ಸರಿಸಿದರು.

"ಏನು ಕಾಣುತ್ತದೆ?"

"ಎಳೆಯುವವರ ಕಾಲು."

"ಒಂದು ಪೆಟ್ಟು ಹಾಕು."

ಹಾಕಿದ. ಹಿಮ್ಮಡಿಗಳೆಲ್ಲ ಒಮ್ಮೆಲೇ ಕೆಸರಿನಲ್ಲಿ ಹೂತವು. ಮೈಗಳು ಹಿಂದಕ್ಕೆ ವಾಲಿದವು. ಹಾಲೇಶನ ಕೋಲು ಆಗಲೇ ಮೇಲೆದ್ದಿತ್ತು.

"ಅವರು ಕೈ ಬದಲಿಸಿದರೇ?"

"ಇನ್ನೂ ಇಲ್ಲ."

"ಅಲ್ಲಿಯವರೆಗೆ ನೀನು ಎಲ್ಲಿರುತ್ತೀ?"

ಹಾಲೇಶ ಎತ್ತಿದ ಕೋಲನ್ನು ತಡೆದು ಹಿಡಿದ. "ಇಲ್ಲಿ. ನಡುವೆ."

"ಅಲ್ಲೇ ಇರು," ಎಂದು ಗುರುಗಳು ಹೊರಟುಹೋದರು.

ಅಲ್ಲಿ ಇರುವುದು ಬಹಳ ಕಷ್ಟವಾಗಿತ್ತು. ಒಂದು ಪೆಟ್ಟು ಆದ ಮೇಲೆ ಇನ್ನೊಂದು ಪೆಟ್ಟಿನವರೆಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಆ ಖಾಲಿಯಲ್ಲಿ ಅವನ ಮನಸ್ಸಿನೊಳಗೆ ದೋಣಿ ಮಗುಚುತ್ತಿತ್ತು. ಸೀರೆಯೊಂದೇ ತೇಲಿಹೋಗುತ್ತಿತ್ತು. ನೀನು ತಡ ಮಾಡಿದೆ, ಈಗಲಾದರೂ ಬಾರಿಸು, ಬಾರಿಸು ಎಂದು ಕೈ ಅವನನ್ನು ಬೇಡಿಕೊಳ್ಳುತ್ತಿತ್ತು.

ಅವನು ಹಿಮ್ಮಡಿಗಳನ್ನು ನೋಡಿದ. ಅವು ಕೆಸರಿನಿಂದ ಎದ್ದವು. ಕೈಗಳು ಹಗ್ಗದ ಮೇಲೆ ಮುಂದೆ ಸರಿದು ಮತ್ತೆ ಹಿಡಿದವು. ಆಗ ಕೋಲು ಬಿದ್ದಿತು.

ಮತ್ತೆ ಖಾಲಿ. ಮತ್ತೆ ಕಾದ.

ಹಿಂದೆ ಮಗು ಅಳುತ್ತಲೇ ಇತ್ತು. ಅಳುತ್ತಿದೆ, ಅಂದರೆ ಇದೆ, ಎಂದುಕೊಂಡು ಬಾರಿಸಿದ. ಎಷ್ಟೋ ಪೆಟ್ಟುಗಳು ಹಾಗೆ ಹೋದವು.

ಆಮೇಲೆ ಅಳು ನಿಂತಿತು.

ಹಾಲೇಶನ ಕುತ್ತಿಗೆ ತಾನಾಗಿಯೇ ತಿರುಗಲು ನೋಡಿತು. "ಗುರುಗಳೇ," ಎಂದ. "ಮಗುವಿನ ದನಿ ಇಲ್ಲ."

ಗುರುಗಳು ಸಾಲಿನ ತೀರ ಕೊನೆಗೆ ಹೋಗಿ, ಹಗ್ಗದ ತುದಿಯನ್ನು ಎಡಗೈಗೆ ಸುತ್ತಿಕೊಂಡು, ಉಳಿದವರ ಜೊತೆ ಹಿಂದಕ್ಕೆ ವಾಲಿ ಎಳೆಯುತ್ತಿದ್ದರು. ಅವರು ಅವನ ಕಡೆ ನೋಡುತ್ತಿರಲಿಲ್ಲ. ಅವರ ಕಾಲೂ ನಗಾರಿಗಾಗಿ ಕಾಯುತ್ತಿತ್ತು.

ಹಾಲೇಶನ ಕಣ್ಣಲ್ಲಿ ನೀರು ತುಂಬಿ ಕಾಲುಗಳೂ ಮಸುಕಾದವು. ಆದರೆ ಎಲ್ಲರ ಉಸಿರು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಕಾದ. ಬಾರಿಸಿದ. ಕಾದ.

ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಒಂದು ಅಂಗೈ ಬಂದು ನಗಾರಿಯ ಚರ್ಮದ ಮೇಲೆ ಕೂತಿತು.

"ಸಾಕು. ಬಂದರು," ಎಂದರು ಗುರುಗಳು.

ಹಾಲೇಶ ತಿರುಗಿದ. ದೋಣಿ ಕೆಸರಿಗೆ ಮೂತಿ ಊರಿ ನಿಂತಿತ್ತು. ನೀಲವ್ವ ಭರಮಣ್ಣನ ಕೈ ಹಿಡಿದು ಇಳಿಯುತ್ತಿದ್ದಳು. ಸೊಂಟದವರೆಗೆ ನೆನೆದಿದ್ದಳು. ಎದೆಗೊರಗಿದ ಮಗು ನಿದ್ದೆ ಮಾಡುತ್ತಿತ್ತು. ಅದರ ಗಲ್ಲದ ಮೇಲೆ ಹಾಲು ಇಳಿದಿತ್ತು.

"ಅಕ್ಕ, ಇವಳ ಅಳು ನಿಂತಿತಲ್ಲ?"

"ಹಾಲು ಕೊಟ್ಟೆ ಕಣೋ. ದೋಣಿ ಹೊರಳಿದಾಗ ಜೀವ ಬಾಯಿಗೆ ಬಂದಿತ್ತು. ಆಮೇಲೆ ನಗಾರಿ ನಿಧಾನಕ್ಕೆ ಕೇಳಿಸತೊಡಗಿತು. ಯಾರೋ ನಿಶ್ಚಿಂತೆಯಿಂದ ಬಾರಿಸುತ್ತಿದ್ದಾರೆ, ಅಷ್ಟೊಂದು ಅಪಾಯ ಇರಲಿಕ್ಕಿಲ್ಲ ಅನಿಸಿತು. ಮಗುವಿಗೆ ಹಸಿವಾಗಿತ್ತು, ಮಡಿಲಿಗೆ ಹಾಕಿಕೊಂಡು ಕೂತೆ." ಅವಳು ಸುತ್ತ ನೋಡಿದಳು. "ಬಾರಿಸಿದ್ದು ಯಾರು? ಗುರುಗಳ ಕೈ ಸರಿಹೋಯಿತೇ?"

ಹಾಲೇಶನ ಕೈಯಲ್ಲಿ ಕೋಲು ಇನ್ನೂ ಗಡಗಡ ನಡುಗುತ್ತಿತ್ತು. ನೀಲವ್ವ ಅದನ್ನು ನೋಡಿದಳು. ಮಗು ಇಲ್ಲದ ಕಡೆಯ ಹೆಗಲಿಗೆ ಅವನ ತಲೆ ಒರಗಿಸಿಕೊಂಡಳು.

ಎಲ್ಲರೂ ಆಶ್ರಮದೊಳಕ್ಕೆ ಹೋದ ಮೇಲೆ ಹಾಲೇಶ ಗುರುಗಳ ಎಡಗೈ ತೊಳೆಯಲು ಕುಳಿತ. ಹಗ್ಗ ಉಜ್ಜಿ ಅಂಗೈ ಸುಲಿದುಹೋಗಿತ್ತು.

"ಗುರುಗಳೇ, ಒಂದು ಮಾತು."

"ಹೇಳು."

"ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಭಯ ಗೆದ್ದೆ ಅನ್ನುತ್ತಿದ್ದಾರೆ. ನನ್ನ ಭಯ ಹೋಗಲೇ ಇಲ್ಲ. ಒಂದೊಂದು ಪೆಟ್ಟಿನ ನಡುವೆಯೂ ಇತ್ತು. ಕೊನೆಯವರೆಗೂ ಇತ್ತು."

ಗುರುಗಳು ಸುಲಿದ ಅಂಗೈಯನ್ನು ಮೆಲ್ಲಗೆ ಮಡಚಿದರು.

"ಇತ್ತು," ಎಂದರು. "ನಿನ್ನ ಕೋಲು ದಾಟಿ ಹಗ್ಗಕ್ಕೆ ಇಳಿಯಲಿಲ್ಲ."