ಅರವತ್ತು ಚಿತ್ರದ ಪರದೆ

ಹಂಸವೇಣಿಯ ಆಟದ ಕಂಪ್ಯೂಟರಿನಲ್ಲಿ ಆರು ವರ್ಷದಿಂದ ಚಿತ್ರ ಬರೆಯುತ್ತಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡು ಒಂದು ದಿನ ಸ್ಕ್ರೂ ಬಿಚ್ಚಿಸಿಕೊಂಡು ಮೇಜಿನ ಮೇಲೆ ಬಂದು ಬಿತ್ತು. ಅದರ ಜಾಗದಲ್ಲಿ ಅಂಗಡಿಯಿಂದ ತಂದ ಹೊಸ ಕಾರ್ಡು ಕೂತಿತು.

"ಅಜ್ಜಿ, ಇನ್ನು ಗುಜರಿಗೆ ಹೊರಡು. ನಾನು ಸೆಕೆಂಡಿಗೆ ಇನ್ನೂರು ಚಿತ್ರ ಬರೆಯುತ್ತೇನೆ," ಎಂದಿತು ಹೊಸದು.

"ನಾನು ಬರೆಯುವುದು ಅರವತ್ತೇ. ಆದರೆ ಒಂದು ದಿನವೂ ಐವತ್ತೊಂಬತ್ತಕ್ಕೆ ಇಳಿದವಳಲ್ಲ," ಎಂದಿತು ಹಳೆಯದು. ಮಾತು ಗಟ್ಟಿಯಾಗಿದ್ದರೂ ಒಳಗೆ ಗುಜರಿಯ ಭಯ ಕೊರೆಯುತ್ತಿತ್ತು.

ಹಂಸವೇಣಿ ತನ್ನ ಕಾರ್ ರೇಸ್ ಆಟವನ್ನು ಮೂರು ಸುತ್ತು ಆಡಿದಳು. ಪರದೆಯ ಮೇಲೆ ಕಾರು ನಿನ್ನೆ ಓಡಿದಂತೆಯೇ ಓಡಿತು.

"ನನ್ನ ಇನ್ನೂರು ಎಲ್ಲಿ ಹೋಯಿತು?" ಎಂದು ಹೊಸದು ಮಾನಿಟರನ್ನು ಗದರಿತು.

"ತಾಯಿ, ನಾನು ಸೆಕೆಂಡಿಗೆ ತೋರಿಸುವುದೇ ಅರವತ್ತು. ಮಿಕ್ಕದ್ದನ್ನು ಎಲ್ಲಿಡಲಿ? ಬರುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ?"

ಆಟದಲ್ಲಿ ಏನೂ ವ್ಯತ್ಯಾಸ ಕಾಣದೆ ಹಂಸವೇಣಿ ಹೊಸದನ್ನು ಬಿಚ್ಚಿ ಡಬ್ಬಿಗೆ ಹಾಕಿದಳು. ಹಳೆಯದರ ಧೂಳು ಒರೆಸಿ ಮತ್ತೆ ಕೂರಿಸಿದಳು.

"ಎಷ್ಟು ದಿನ ಕೂರುತ್ತೀಯೋ ನೋಡುತ್ತೇನೆ," ಎಂದು ಡಬ್ಬಿಯೊಳಗಿಂದ ದನಿ ಬಂತು.

"ಅರವತ್ತಕ್ಕೆ ಒಂದು ಕಡಿಮೆಯಾದ ದಿನ ಸ್ಕ್ರೂಡ್ರೈವರನ್ನು ನಾನೇ ಕರೆಯುತ್ತೇನೆ. ಅಲ್ಲಿಯವರೆಗೆ ಈ ಜಾಗ ನನ್ನದು," ಎಂದ ಹಳೆಯ ಕಾರ್ಡು ಫ್ಯಾನು ತಿರುಗಿಸುತ್ತಾ ಕೆಲಸಕ್ಕೆ ಇಳಿಯಿತು.